ಉರಿಯ ಅಳತೆ

ಬೆಂಕಿಯು ಮಾನವನ ಅತ್ಯಂತ ಹಳೆಯ ಸಂಗಾತಿಗಳಲ್ಲಿ ಒಂದು. ಬೇಸಾಯವನ್ನು ಕಲಿಯುವುದಕ್ಕೂ ಚಕ್ರವನ್ನು ಕಂಡುಹಿಡಿಯುವುದಕ್ಕೂ ಅಕ್ಷರಗಳನ್ನು ಬರೆಯುವುದಕ್ಕೂ ಬಹು ಹಿಂದೆಯೇ ಅವನು ಬೆಂಕಿಯನ್ನು ಆರದಂತೆ ಕಾಪಾಡಿಕೊಳ್ಳಲು ಕಲಿತಿದ್ದನು. ಚಳಿಯನ್ನು ಓಡಿಸಲು, ಕಾಡುಮೃಗಗಳನ್ನು ದೂರವಿಡಲು, ಆಹಾರವನ್ನು ಬೇಯಿಸಲು, ಮಡಕೆಯನ್ನು ಸುಡಲು, ಲೋಹವನ್ನು ಕರಗಿಸಲು ಬೆಂಕಿ ಅವನಿಗೆ ಒದಗಿತು. ಇಷ್ಟು ದೀರ್ಘಕಾಲದ ಒಡನಾಟವಿದ್ದರೂ ಒಂದು ಪ್ರಶ್ನೆಗೆ ಮಾತ್ರ ಸಾವಿರಾರು ವರ್ಷಗಳವರೆಗೆ ಉತ್ತರ ದೊರೆಯಲಿಲ್ಲ. ಒಂದು ಹೊರೆ ಸೌದೆ ಉರಿದು ಬೂದಿಯಾದಾಗ ಅದರಿಂದ ಹೊರಬಂದ ಶಾಖವೆಷ್ಟು?

ಧಾನ್ಯವನ್ನು ಸೇರಿನಿಂದ ಅಳೆಯಬಹುದು. ಬಟ್ಟೆಯನ್ನು ಮೊಳದಿಂದ ಅಳೆಯಬಹುದು. ಬೆಲ್ಲವನ್ನು ತಕ್ಕಡಿಯಲ್ಲಿ ತೂಗಬಹುದು. ಶಾಖಕ್ಕಾದರೋ ಆಕಾರವಿಲ್ಲ, ತಕ್ಕಡಿಗೆ ಸಿಕ್ಕುವ ತೂಕವಿಲ್ಲ. ಅದನ್ನು ತುಂಬಿಡುವಂಥ ಪಾತ್ರೆಯೂ ಇಲ್ಲ. ಹುಟ್ಟಿದ ಕ್ಷಣದಿಂದಲೇ ಅದು ಸುತ್ತಲಿನ ಗಾಳಿಗೆ, ಗೋಡೆಗೆ, ನೆಲಕ್ಕೆ ಹರಿದುಹೋಗತೊಡಗುತ್ತದೆ. ಹೀಗೆ ಎಲ್ಲ ಕಡೆಯಿಂದಲೂ ಸೋರಿಹೋಗುವುದನ್ನು ಹಿಡಿದು ಅಳೆಯುವ ಬಗೆ ಹೇಗೆ? ಈ ಸಮಸ್ಯೆಯನ್ನು ಬಿಡಿಸುವುದಕ್ಕೆ ಯುರೋಪಿನ ವಿಜ್ಞಾನಿಗಳಿಗೆ ನೂರಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಅವರ ಶ್ರಮದ ಫಲ ಇಂದು ದೊಡ್ಡ ಕಾರ್ಖಾನೆಗಳಿಗೆ ಮಾತ್ರವಲ್ಲದೆ ಹಳ್ಳಿಯ ಅಡಿಗೆಮನೆಗೂ ತಲುಪಿದೆ.

ಜ್ವರ ನೋಡುವಂತೆ ಥರ್ಮಾಮೀಟರಿನಿಂದ ಶಾಖವನ್ನು ಅಳೆಯಬಹುದಲ್ಲವೆ ಎಂದು ಯಾರಿಗಾದರೂ ತೋರಬಹುದು. ಥರ್ಮಾಮೀಟರು ತಿಳಿಸುವುದು ತಾಪವನ್ನು. ಎಂದರೆ ಒಂದು ವಸ್ತು ಎಷ್ಟು ಬಿಸಿಯಾಗಿದೆ ಎಂಬುದನ್ನು. ಅದರಲ್ಲಿ ಸೇರಿರುವ ಶಾಖದ ಮೊತ್ತ ಬೇರೆಯೇ ಸಂಗತಿ. ಒಂದು ಲೋಟ ನೀರು ಕುದಿಯುತ್ತಿದೆ. ಪಕ್ಕದಲ್ಲಿ ಒಂದು ಹಂಡೆ ನೀರೂ ಕುದಿಯುತ್ತಿದೆ. ಎರಡರಲ್ಲಿಯೂ ಥರ್ಮಾಮೀಟರು 100 ಡಿಗ್ರಿಯನ್ನೇ ತೋರಿಸುತ್ತದೆ. ಆದರೆ ಲೋಟದ ನೀರು ಕುದಿಯಲು ನಾಲ್ಕು ಕಡ್ಡಿ ಸಾಕು. ಹಂಡೆಯ ನೀರು ಕುದಿಯಲು ಹಲವು ಕೊರಡುಗಳು ಬೇಕು. ತಾಪ ಒಂದೇ, ಶಾಖ ಬೇರೆ ಬೇರೆ.

ಈ ಭೇದವನ್ನು ಸ್ಪಷ್ಟವಾಗಿ ಕಂಡು ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಅವನು 1761ರ ಸುಮಾರಿನಲ್ಲಿ ಸರಳವಾದ ಒಂದು ಪ್ರಯೋಗವನ್ನು ಮಾಡಿದನು. ಒಂದೇ ಬಗೆಯ ಎರಡು ಗಾಜಿನ ಬುರುಡೆಗಳನ್ನು ತೆಗೆದುಕೊಂಡು, ಒಂದರಲ್ಲಿ ಮಂಜುಗಡ್ಡೆಯನ್ನೂ ಮತ್ತೊಂದರಲ್ಲಿ ಅಷ್ಟೇ ತೂಕದ, ಮಂಜುಗಡ್ಡೆಯಷ್ಟೇ ತಣ್ಣಗಿದ್ದ ನೀರನ್ನೂ ಇಟ್ಟು, ಎರಡನ್ನೂ ಒಂದೇ ಕೋಣೆಯಲ್ಲಿ ತೂಗುಹಾಕಿದನು. ನೀರು ಅರ್ಧ ಗಂಟೆಯಲ್ಲಿ ಕೆಲವು ಡಿಗ್ರಿ ಬಿಸಿಯಾಯಿತು. ಮಂಜುಗಡ್ಡೆ ಕರಗಿ ಅಷ್ಟೇ ತಾಪಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಕೋಣೆಯ ಗಾಳಿಯಿಂದ ಎರಡೂ ಬುರುಡೆಗಳಿಗೆ ಶಾಖ ಒಂದೇ ಸಮನೆ ಹರಿಯುತ್ತಿದ್ದಿತಷ್ಟೆ. ಹಾಗಾದರೆ ಉಳಿದ ಹತ್ತು ಗಂಟೆಗಳ ಶಾಖವೆಲ್ಲ ಎಲ್ಲಿ ಹೋಯಿತು? ಅದು ತಾಪವನ್ನು ಏರಿಸಲಿಲ್ಲ. ಗಟ್ಟಿಯಾಗಿದ್ದುದನ್ನು ದ್ರವವಾಗಿಸುವ ಕೆಲಸಕ್ಕೆ ವೆಚ್ಚವಾಯಿತು. ಥರ್ಮಾಮೀಟರಿನ ಕಣ್ಣಿಗೆ ಬೀಳದೆ ಅಡಗಿರುವ ಈ ಶಾಖವೇ ಗುಪ್ತೋಷ್ಣ. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು ಯಾವಾಗಲೂ ಒಂದೇ ಮೊತ್ತದ ಶಾಖ ಬೇಕು.

ಈ ಮಾತಿನಲ್ಲಿಯೇ ಶಾಖದ ಅಳತೆಗೆ ಬೇಕಾದ ಕೀಲಿಕೈ ಇದ್ದಿತು. ಶಾಖವನ್ನು ನೇರವಾಗಿ ಹಿಡಿಯಲು ಸಾಧ್ಯವಿಲ್ಲದಿದ್ದರೆ ಅದು ಮಾಡಿದ ಕೆಲಸವನ್ನು ಅಳೆಯಬಹುದು. ಉರಿಯುವ ವಸ್ತುವನ್ನು ಮಂಜುಗಡ್ಡೆಯ ನಡುವೆ ಇಟ್ಟು, ಎಷ್ಟು ಮಂಜುಗಡ್ಡೆ ಕರಗಿತೆಂದು ತೂಗಿ ನೋಡಿದರೆ ಉರಿಯ ಲೆಕ್ಕ ಸಿಕ್ಕಂತೆಯೇ ಆಯಿತು.

ಈ ಉಪಾಯವನ್ನು ಕೈಗೂಡಿಸಿದವರು ಫ್ರಾನ್ಸಿನ ಇಬ್ಬರು ಮಹನೀಯರು. ಒಬ್ಬನು ಆಧುನಿಕ ರಸಾಯನವಿಜ್ಞಾನದ ಜನಕನೆನಿಸಿದ ಆಂಟ್ವಾನ್ ಲವಾಸಿಯೆ. ಇನ್ನೊಬ್ಬನು ಗಣಿತಜ್ಞನಾದ ಲಾಪ್ಲಾಸ್. 1782–83ರ ಚಳಿಗಾಲದಲ್ಲಿ ಪ್ಯಾರಿಸ್ ನಗರದಲ್ಲಿ ಅವರು ಒಂದು ವಿಶಿಷ್ಟವಾದ ಪಾತ್ರೆಯನ್ನು ಮಾಡಿಸಿದರು. ಅದು ಒಂದರೊಳಗೊಂದು ಕುಳಿತ ಮೂರು ಅಂಕಣಗಳ ಪಾತ್ರೆ. ನಡುವಿನಲ್ಲಿ ತಂತಿಯ ಬುಟ್ಟಿ. ಉರಿಯುವ ಇದ್ದಲು ಅದರಲ್ಲಿ. ಅದರ ಸುತ್ತಲಿನ ಅಂಕಣದಲ್ಲಿ ಪುಡಿಮಾಡಿದ ಮಂಜುಗಡ್ಡೆ. ಇದು ಕರಗಿ ಬಂದ ನೀರು ಕೆಳಗಿನ ಕೊಳವೆಯಿಂದ ಹರಿದು ಬೇರೆಯಾಗಿ ಶೇಖರವಾಗುತ್ತಿದ್ದಿತು.

ಆದರೆ ಕೋಣೆಯ ಗಾಳಿಯ ಬಿಸಿ ತಗುಲಿದರೂ ಮಂಜುಗಡ್ಡೆ ಕರಗುತ್ತದೆಯಲ್ಲ! ಇದ್ದಲು ಕರಗಿಸಿದ್ದು ಎಷ್ಟು, ಗಾಳಿ ಕರಗಿಸಿದ್ದು ಎಷ್ಟು ಎಂದು ವಿಂಗಡಿಸುವುದು ಹೇಗೆ? ಮೂರನೆಯ ಅಂಕಣ ಇದ್ದದ್ದು ಇದಕ್ಕಾಗಿಯೇ. ಎಲ್ಲಕ್ಕಿಂತ ಹೊರಗಿದ್ದ ಆ ಅಂಕಣದಲ್ಲಿಯೂ ಮಂಜುಗಡ್ಡೆಯನ್ನು ತುಂಬಿದ್ದರು. ಹೊರಗಿನ ಗಾಳಿಯಿಂದ ಬರುವ ಶಾಖವೆಲ್ಲ ಈ ಹೊರಗಿನ ಮಂಜುಗಡ್ಡೆಯನ್ನು ಕರಗಿಸುವುದರಲ್ಲಿಯೇ ವೆಚ್ಚವಾಗಿ ಒಳಕ್ಕೆ ದಾಟಲಾರದೆ ಹೋಯಿತು. ಕೋಟೆಗೆ ಹೊರಸುತ್ತಿನ ಗೋಡೆ ಇರುವಂತೆ ಅಳತೆಯ ಮಂಜುಗಡ್ಡೆಗೆ ಕಾವಲಿನ ಮಂಜುಗಡ್ಡೆ! ಒಳಗಿನ ಅಂಕಣದಿಂದ ಇಳಿದು ಬಂದ ನೀರೆಲ್ಲವೂ ಇದ್ದಲಿನ ಉರಿಯದೇ ಲೆಕ್ಕ. ಈ ಉಪಕರಣಕ್ಕೆ ಲವಾಸಿಯೆ ಮುಂದೆ 1789ರಲ್ಲಿ ಕ್ಯಾಲರಿಮಾಪಕ ಎಂಬ ಹೆಸರಿಟ್ಟನು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಂದಿಗೂ ರಕ್ಷಿಸಿಡಲಾಗಿದೆ.

ಒಂದು ಪೌಂಡು ಇದ್ದಲು ಉರಿದರೆ ತೊಂಬತ್ತಾರೂವರೆ ಪೌಂಡು ಮಂಜುಗಡ್ಡೆ ಕರಗುತ್ತದೆ ಎಂದು ಲವಾಸಿಯೆ ಲೆಕ್ಕ ಕೊಟ್ಟನು. ಇಂದಿನ ನಿಷ್ಕೃಷ್ಟವಾದ ಅಳತೆಯಂತೆ ಶುದ್ಧ ಇಂಗಾಲಕ್ಕೆ ಈ ಸಂಖ್ಯೆ ಸುಮಾರು 98. ಎರಡು ಶತಮಾನಗಳಿಗೂ ಹಿಂದೆ, ಮಂಜುಗಡ್ಡೆ ಮತ್ತು ತಕ್ಕಡಿಗಳಷ್ಟನ್ನೇ ಆಶ್ರಯಿಸಿ ಪಡೆದ ಫಲಿತಾಂಶ ಇಷ್ಟು ಸಮೀಪಕ್ಕೆ ಬಂದದ್ದು ಆಶ್ಚರ್ಯವೇ ಸರಿ. ಎಲ್ಲ ಅಳತೆಗಳೂ ಹೀಗೆ ಸರಿಯಾಗಿ ಬರಲಿಲ್ಲ. ಜಲಜನಕಕ್ಕೆ ಅವನು ಪಡೆದ ಸಂಖ್ಯೆ ಸುಮಾರು 295. ಅದರ ನಿಜವಾದ ಬೆಲೆ 420ನ್ನು ಮೀರುತ್ತದೆ.

ಅದೇ ಚಳಿಗಾಲದಲ್ಲಿ ಆ ಇಬ್ಬರು ಮತ್ತೊಂದು ಪ್ರಯೋಗವನ್ನೂ ಮಾಡಿದರು. ಇದ್ದಲಿನ ಬುಟ್ಟಿ ಇದ್ದ ಕಡೆ ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯನ್ನು ಇಟ್ಟರು. ಹತ್ತು ಗಂಟೆಗಳಲ್ಲಿ ಅದರ ಮೈಬಿಸಿಗೆ 13 ಔನ್ಸು ಮಂಜುಗಡ್ಡೆ ಕರಗಿತು. ಆ ಪ್ರಾಣಿ ಅಷ್ಟೇ ಹೊತ್ತಿನಲ್ಲಿ ಉಸಿರಿನ ಮೂಲಕ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಅವರು ಬೇರೆಯಾಗಿ ಅಳೆದಿದ್ದರು. ಅಷ್ಟು ಅನಿಲವನ್ನು ಕೊಡುವಷ್ಟು ಇದ್ದಲನ್ನು ಉರಿಸಿದರೆ ಕರಗಬೇಕಾದ ಮಂಜುಗಡ್ಡೆ ಸುಮಾರು ಹತ್ತೂವರೆ ಔನ್ಸು. ಎರಡು ಸಂಖ್ಯೆಗಳೂ ಪೂರ್ತಿಯಾಗಿ ಕೂಡಲಿಲ್ಲ. ಆದರೆ ಅವು ಅಕಸ್ಮಾತ್ತಾಗಿ ನೆರೆಹೊರೆಯಲ್ಲಿ ನಿಂತ ಸಂಖ್ಯೆಗಳೂ ಆಗಿರಲಿಲ್ಲ. ಚಳಿಯಲ್ಲಿ ಪ್ರಾಣಿಯ ಮೈ ತಾನೇ ತಣ್ಣಗಾಗುತ್ತ ಹೋದದ್ದು ವ್ಯತ್ಯಾಸಕ್ಕೆ ಒಂದು ಕಾರಣ. ದೇಹದೊಳಗೆ ಇಂಗಾಲದ ಜೊತೆಗೆ ಜಲಜನಕವೂ ದಹಿಸುತ್ತದೆಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ ಎಂಬುದು ಇನ್ನೊಂದು. ಉಸಿರಾಟವೆಂದರೆ ಜ್ವಾಲೆಯಿಲ್ಲದೆ ಮೆಲ್ಲನೆ ನಡೆಯುವ ದಹನ ಎಂಬ ಮಹತ್ತ್ವದ ತೀರ್ಮಾನ ಈ ಪ್ರಯೋಗದಿಂದ ಹೊರಬಿದ್ದಿತು. ಒಲೆಯ ಸೌದೆಗೂ ಜೀವಿಯ ಆಹಾರಕ್ಕೂ ಇರುವ ನಂಟು ಮೊದಲ ಬಾರಿಗೆ ಅಂಕಿಗಳಲ್ಲಿ ಕಾಣಿಸಿಕೊಂಡಿತು.

ಮುಂದೆ ಫ್ರಾನ್ಸಿನ ಮಹಾಕ್ರಾಂತಿಯ ಬಿರುಗಾಳಿ ಬೀಸಿತು. ಹಿಂದೆ ಸರಕಾರಕ್ಕೆ ತೆರಿಗೆ ಎತ್ತಿಕೊಡುವ ಗುತ್ತಿಗೆದಾರರ ಸಂಸ್ಥೆಯಲ್ಲಿ ಪಾಲುದಾರನಾಗಿದ್ದ ಲವಾಸಿಯೆಯನ್ನು 1794ರ ಮೇ 8ರಂದು ಶಿರಚ್ಛೇದಕ್ಕೆ ಗುರಿಪಡಿಸಲಾಯಿತು. ಅವನು ಆರಂಭಿಸಿದ ಕೆಲಸ ಅಲ್ಲಿಗೇ ನಿಲ್ಲಲಿಲ್ಲ.

ಮಂಜುಗಡ್ಡೆಯ ವಿಧಾನದಲ್ಲಿ ಕೆಲವು ಕುಂದುಗಳಿದ್ದುವು. ಕರಗಿದ ನೀರೆಲ್ಲವೂ ಕೆಳಗೆ ಇಳಿಯದೆ ಸ್ವಲ್ಪ ಭಾಗ ಮಂಜುಗಡ್ಡೆಯ ಚೂರುಗಳ ನಡುವೆಯೇ ಅಂಟಿಕೊಂಡು ಉಳಿಯುತ್ತಿದ್ದಿತು. ಚಳಿಗಾಲದಲ್ಲಲ್ಲದೆ ಬೇರೆ ಕಾಲದಲ್ಲಿ ಪ್ರಯೋಗ ನಡೆಸುವುದೂ ಕಷ್ಟವಾಗಿದ್ದಿತು. ಈ ತೊಡಕುಗಳನ್ನು ಬಿಟ್ಟು ನೀರಿನ ದಾರಿಯನ್ನು ಹಿಡಿದವನು ಕೌಂಟ್ ರಮ್‌ಫರ್ಡ್. ಅಮೆರಿಕದಲ್ಲಿ 1753ರಲ್ಲಿ ಜನಿಸಿ ಜರ್ಮನಿಯ ಬವೇರಿಯಾ ಸಂಸ್ಥಾನದಲ್ಲಿ ಉನ್ನತ ಅಧಿಕಾರಿಯಾಗಿದ್ದ ಈತನು ಮ್ಯೂನಿಕ್ ನಗರದ ಬಡವರ ಆಶ್ರಯಧಾಮಕ್ಕೆ ಅಡಿಗೆಮನೆಯನ್ನು ಕಟ್ಟಿಸುವಾಗ ಒಂದು ಸಂಗತಿಯನ್ನು ಗಮನಿಸಿದ್ದನು. ತೆರೆದ ಬೆಂಕಿಯ ಮೇಲೆ ಅಡಿಗೆ ಮಾಡುವಾಗ ಪಾತ್ರೆಗೆ ತಲುಪುವ ಶಾಖ ಸ್ವಲ್ಪ. ಸುಮ್ಮನೆ ಹಾಳಾಗುವ ಶಾಖವೇ ಬಹಳ. ಆದ್ದರಿಂದ ಅವನು ಬೆಂಕಿಯನ್ನು ಇಟ್ಟಿಗೆಯ ಗೂಡಿನಲ್ಲಿ ಮುಚ್ಚಿ, ಪಾತ್ರೆಗಳನ್ನು ಗೂಡಿನೊಳಕ್ಕೆ ಇಳಿಬಿಟ್ಟು, ಸೌದೆಯ ವೆಚ್ಚವನ್ನು ಬಹುಮಟ್ಟಿಗೆ ತಗ್ಗಿಸಿದನು. ರಮ್‌ಫರ್ಡನು ಮುಂದೆ ಪ್ಯಾರಿಸ್ಸಿಗೆ ಬಂದು ನೆಲೆಸಿ, ಲವಾಸಿಯೆಯ ವಿಧವೆಯನ್ನು ವಿವಾಹವಾದುದು ವಿಜ್ಞಾನದ ಇತಿಹಾಸದಲ್ಲಿನ ಒಂದು ಸೋಜಿಗ.

ಇಂಧನಗಳ ಶಾಖವನ್ನು ಅಳೆಯಲು ರಮ್‌ಫರ್ಡನು ನೀರು ತುಂಬಿದ ಪೆಟ್ಟಿಗೆಯೊಂದನ್ನು ಬಳಸಿದನು. ಇಂಧನ ಉರಿದಾಗ ಏಳುವ ಬಿಸಿ ಅನಿಲಗಳು ಆ ನೀರಿನೊಳಗೆ ಸುತ್ತಿಬರುವ ಕೊಳವೆಯಲ್ಲಿ ಹರಿದು, ತಮ್ಮ ಶಾಖವನ್ನು ನೀರಿಗೆ ಒಪ್ಪಿಸಿ ಹೊರಗೆ ಹೋಗುತ್ತಿದ್ದುವು. ನೀರಿನ ತೂಕವನ್ನು ಅದರ ತಾಪದ ಏರಿಕೆಯಿಂದ ಗುಣಿಸಿದರೆ ಶಾಖದ ಲೆಕ್ಕ ಬರುತ್ತದೆ. ಇಲ್ಲಿಯೂ ಸೋರಿಕೆಯ ಕಾಟವಿದ್ದಿತು. ನೀರು ಕೋಣೆಗಿಂತ ಬಿಸಿಯಾದೊಡನೆ ಅದರ ಶಾಖ ಗಾಳಿಗೆ ಹರಿಯತೊಡಗುತ್ತದೆ. ಇದಕ್ಕೆ ರಮ್‌ಫರ್ಡನು ಜಾಣತನದ ಪರಿಹಾರವನ್ನು ಕಂಡುಕೊಂಡನು. ನೀರಿನ ತಾಪ ಒಟ್ಟು ಹತ್ತು ಡಿಗ್ರಿ ಏರುವುದೆಂದು ಅಂದಾಜಿದ್ದರೆ, ಕೋಣೆಯ ತಾಪಕ್ಕಿಂತ ಐದು ಡಿಗ್ರಿ ಕಡಿಮೆ ಇರುವ ನೀರಿನಿಂದ ಆರಂಭಿಸಿ, ಐದು ಡಿಗ್ರಿ ಹೆಚ್ಚಾದಾಗ ಮುಗಿಸಬೇಕು. ಮೊದಲ ಅರ್ಧದಲ್ಲಿ ಗಾಳಿಯಿಂದ ನೀರಿಗೆ ಬಂದ ಶಾಖವೂ ಎರಡನೆಯ ಅರ್ಧದಲ್ಲಿ ನೀರಿನಿಂದ ಗಾಳಿಗೆ ಹೋದ ಶಾಖವೂ ಹೆಚ್ಚುಕಡಿಮೆ ಸರಿಸಮವಾಗುತ್ತವೆ. ಸಾಲ ತಂದುದನ್ನು ಸಾಲ ಕೊಟ್ಟುದರೊಡನೆ ವಜಾ ಮಾಡಿದಂತೆ, ಲೆಕ್ಕ ಸರಿಹೋಗುತ್ತದೆ. ಸೋರಿಕೆಯನ್ನು ತಡೆಯಲಾಗದಿದ್ದರೂ ಅದನ್ನು ಲೆಕ್ಕಕ್ಕೆ ತರಬಹುದೆಂಬ ಪಾಠ ಇದರಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಮೊದಲಾದವರ ಪ್ರಯೋಗಗಳಿಂದ ಶಾಖವು ಶಕ್ತಿಯದೇ ಒಂದು ರೂಪವೆಂಬುದು ಸ್ಥಿರಪಟ್ಟಿತು. ಅದು ರೂಪ ಬದಲಿಸಬಹುದು, ನಾಶವಾಗಲಾರದು. ಹೀಗಾಗಿ ಇಂಧನದಿಂದ ಹುಟ್ಟಿದ ಶಾಖದ ಪ್ರತಿಯೊಂದು ಕಣಕ್ಕೂ ಲೆಕ್ಕ ಸಿಕ್ಕಲೇಬೇಕು. ಸಿಕ್ಕದಿದ್ದರೆ ಅಳತೆಯಲ್ಲಿ ಎಲ್ಲಿಯೋ ದೋಷವಿರಬೇಕು. ರಮ್‌ಫರ್ಡನ ಪೆಟ್ಟಿಗೆಯಿಂದ ಹೊರಗೆ ಹೋಗುತ್ತಿದ್ದ ಅನಿಲಗಳು ಇನ್ನೂ ಸ್ವಲ್ಪ ಬಿಸಿಯಾಗಿಯೇ ಇರುತ್ತಿದ್ದುವು. ಇಂಧನವೂ ಕೆಲವು ವೇಳೆ ಪೂರ್ತಿಯಾಗಿ ಉರಿಯುತ್ತಿರಲಿಲ್ಲ. ಈ ಎರಡು ಕಿಂಡಿಗಳನ್ನೂ ಮುಚ್ಚಬೇಕಾಗಿದ್ದಿತು.

ಆ ಕೆಲಸವನ್ನು ಮಾಡಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಮಾರ್ಸೆಲಿನ್ ಬರ್ಥೆಲೊ. 1881ರಲ್ಲಿ ಅವನು ರೂಪಿಸಿದ ಉಪಕರಣಕ್ಕೆ ಬಾಂಬ್ ಕ್ಯಾಲರಿಮಾಪಕ ಎಂದು ಹೆಸರು. ಹೆಸರು ಭಯಂಕರವಾದರೂ ಅದು ಸಿಡಿಯುವ ಬಾಂಬಲ್ಲ. ಒಳಗಿನ ಒತ್ತಡಕ್ಕೆ ಸಿಡಿಯದೆ ನಿಲ್ಲುವ ದಪ್ಪ ಲೋಹದ ಭದ್ರವಾದ ಪಾತ್ರೆ. ಇಂದಿನ ಪ್ರಯೋಗಾಲಯಗಳಲ್ಲಿಯೂ ಇಂಧನಗಳ ಪರೀಕ್ಷೆ ನಡೆಯುವುದು ಇದರ ಸುಧಾರಿಸಿದ ರೂಪಗಳಲ್ಲಿಯೇ. ಪರೀಕ್ಷಿಸಬೇಕಾದ ಇಂಧನವನ್ನು ಸುಮಾರು ಒಂದು ಗ್ರಾಮಿನಷ್ಟು ತೂಗಿ, ಬಿಲ್ಲೆಯಂತೆ ಒತ್ತಿ, ಪುಟ್ಟ ಬಟ್ಟಲಿನಲ್ಲಿಟ್ಟು ಪಾತ್ರೆಯೊಳಗೆ ಇಡುತ್ತಾರೆ. ಮುಚ್ಚಳವನ್ನು ಬಿಗಿದು, ವಾತಾವರಣದ ಒತ್ತಡಕ್ಕಿಂತ 25ರಿಂದ 30 ಪಟ್ಟು ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ತುಂಬುತ್ತಾರೆ. ಆ ಪಾತ್ರೆಯನ್ನು ಅಳತೆಮಾಡಿದ ನೀರಿನಲ್ಲಿ ಮುಳುಗಿಸುತ್ತಾರೆ. ಒಂದು ಕಡ್ಡಿ ನೀರನ್ನು ಸಮನಾಗಿ ಕಲಕುತ್ತಿರುತ್ತದೆ. ಡಿಗ್ರಿಯ ನೂರನೆಯ ಒಂದು ಭಾಗವನ್ನೂ ತೋರಿಸಬಲ್ಲ ಸೂಕ್ಷ್ಮವಾದ ಥರ್ಮಾಮೀಟರು ತಾಪವನ್ನು ತಿಳಿಸುತ್ತಿರುತ್ತದೆ. ಆಮೇಲೆ ಇಂಧನಕ್ಕೆ ತಾಗಿರುವ ತೆಳುವಾದ ತಂತಿಯಲ್ಲಿ ವಿದ್ಯುತ್ತನ್ನು ಹಾಯಿಸಿದರೆ, ಕ್ಷಣಮಾತ್ರದಲ್ಲಿ ಇಂಧನವೆಲ್ಲ ಹೊತ್ತಿ ಉರಿದುಹೋಗುತ್ತದೆ. ಹೊಗೆಯಿಲ್ಲ; ಹೊರಹೋಗುವ ಅನಿಲವಿಲ್ಲ; ಹುಟ್ಟಿದ ಶಾಖವೆಲ್ಲವೂ ಪಾತ್ರೆಯ ಲೋಹವನ್ನು ದಾಟಿ ನೀರಿಗೆ ಸೇರುತ್ತದೆ.

ಒಂದು ಗ್ರಾಂ ನೀರಿನ ತಾಪವನ್ನು ಒಂದು ಸೆಂಟಿಗ್ರೇಡ್ ಡಿಗ್ರಿ ಏರಿಸಲು ಬೇಕಾಗುವ ಶಾಖಕ್ಕೆ ಒಂದು ಕ್ಯಾಲರಿ ಎಂದು ಹೆಸರು. ಇದರ ಸಾವಿರ ಪಟ್ಟು ಒಂದು ಕಿಲೋಕ್ಯಾಲರಿ. ಇಂದು ವಿಜ್ಞಾನಿಗಳು ಬಳಸುವ ಮಾನ ಜೂಲ್. ಒಂದು ಕ್ಯಾಲರಿಯೆಂದರೆ ಸುಮಾರು 4.2 ಜೂಲ್. ಲೆಕ್ಕದ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕ್ಯಾಲರಿಮಾಪಕದಲ್ಲಿ 2,000 ಗ್ರಾಂ ನೀರಿದೆ. ಪಾತ್ರೆ ಮೊದಲಾದ ಭಾಗಗಳು ಹೀರಿಕೊಳ್ಳುವ ಶಾಖ 500 ಗ್ರಾಂ ನೀರು ಹೀರುವಷ್ಟು ಎಂದಿರಲಿ. ಒಂದು ಗ್ರಾಂ ಇದ್ದಲು ಉರಿದಾಗ ತಾಪ 3 ಡಿಗ್ರಿ ಏರಿದರೆ, 2,500ನ್ನು 3ರಿಂದ ಗುಣಿಸಿದಾಗ ಬರುವ 7,500 ಕ್ಯಾಲರಿಗಳೇ ಆ ಇದ್ದಲಿನ ಕ್ಯಾಲರಿ ಮೌಲ್ಯ. ಪಾತ್ರೆಯ ಪಾಲನ್ನು ಮರೆತು ನೀರಿನ ಲೆಕ್ಕವನ್ನು ಮಾತ್ರ ಹಿಡಿದರೆ ಉತ್ತರ 6,000ಕ್ಕೆ ಇಳಿದು ಸುಳ್ಳಾಗುತ್ತದೆ. ಆದುದರಿಂದ ಪಾತ್ರೆಯ ಪಾಲೆಷ್ಟೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇದಕ್ಕಾಗಿ ಬೆಂಜೋಯಿಕ್ ಆಮ್ಲವೆಂಬ ಶುದ್ಧ ವಸ್ತುವನ್ನು ಉರಿಸುತ್ತಾರೆ. ಒಂದು ಗ್ರಾಂ ಬೆಂಜೋಯಿಕ್ ಆಮ್ಲ ಕೊಡುವ ಶಾಖ ಸುಮಾರು 6,320 ಕ್ಯಾಲರಿ ಎಂಬುದು ನಿಶ್ಚಿತವಾಗಿ ತಿಳಿದಿದೆ. ವ್ಯಾಪಾರಿಯ ತಕ್ಕಡಿಯನ್ನು ಮುದ್ರೆಯೊತ್ತಿದ ಬಟ್ಟಿನಿಂದ ಪರೀಕ್ಷಿಸುವಂತೆ ಕ್ಯಾಲರಿಮಾಪಕವನ್ನು ಇದರಿಂದ ಪರೀಕ್ಷಿಸುತ್ತಾರೆ.

ಇಂಥ ಅಳತೆಗಳಿಂದ ಇಂಧನಗಳ ಯೋಗ್ಯತೆ ತುಲನೆಗೆ ಸಿಕ್ಕಿತು. ಒಂದು ಕಿಲೋಗ್ರಾಂ ಬೆರಣಿ ಸುಮಾರು 3,000, ಚೆನ್ನಾಗಿ ಒಣಗಿದ ಸೌದೆ ಸುಮಾರು 4,000, ಇದ್ದಲು ಸುಮಾರು 7,000 ಕಿಲೋಕ್ಯಾಲರಿ ಶಾಖವನ್ನು ಕೊಡುತ್ತವೆ. ಸೀಮೆಎಣ್ಣೆಯದು 10,000ಕ್ಕೂ ಹೆಚ್ಚು. ಅಡಿಗೆ ಅನಿಲದ್ದು ಸುಮಾರು 11,000. ಜಲಜನಕವಾದರೋ 34,000ದ ಸಮೀಪಕ್ಕೆ ಹೋಗುತ್ತದೆ. ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಮನುಷ್ಯನೊಬ್ಬನು ಹಲವು ದಿನ ಇರಬಹುದಾದ ಕೋಣೆಯನ್ನೇ ಕ್ಯಾಲರಿಮಾಪಕವಾಗಿ ಮಾಡಿಸಿ, ಉಂಡ ಆಹಾರದ ಶಕ್ತಿಗೂ ದೇಹ ಹೊರಗೆಡಹಿದ ಶಕ್ತಿಗೂ ತಾಳೆ ನೋಡಿದನು. ಲೆಕ್ಕ ಕೂಡಿಬಂದಿತು. ಗಿನಿಪಿಗ್ಗಿನ ಪ್ರಯೋಗ ಸೂಚಿಸಿದ್ದು ಮನುಷ್ಯನ ವಿಷಯದಲ್ಲಿಯೂ ಸತ್ಯವಾಯಿತು.

ಈ ಅಳತೆ ದೇಶದ ಆರ್ಥಿಕ ವ್ಯವಹಾರಕ್ಕೂ ಅವಶ್ಯಕ. ಕಲ್ಲಿದ್ದಲಿನ ರಾಶಿಗಳೆರಡು ಕಣ್ಣಿಗೆ ಒಂದೇ ತೆರನಾಗಿ ಕಂಡರೂ, ಬೂದಿಯ ಅಂಶ ಹೆಚ್ಚಾಗಿರುವ ರಾಶಿ ಕೊಡುವ ಶಾಖ ಕಡಿಮೆ. ತೂಕವನ್ನಷ್ಟೇ ನೋಡಿ ಹಣ ಕೊಟ್ಟರೆ ಕಲ್ಲು ಮಣ್ಣಿಗೂ ಬೆಲೆ ತೆತ್ತಂತೆ. ಆದ್ದರಿಂದ ಭಾರತದಲ್ಲಿ 2012ರ ಜನವರಿಯಿಂದ ಕಲ್ಲಿದ್ದಲಿನ ದರ್ಜೆಯನ್ನು ಅದರ ಒಟ್ಟು ಕ್ಯಾಲರಿ ಮೌಲ್ಯವನ್ನು ಅನುಸರಿಸಿ ನಿಗದಿಮಾಡುವ ಪದ್ಧತಿ ಜಾರಿಗೆ ಬಂದಿತು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಕಾರ್ಯಾರಂಭ ಮಾಡಿದ ವಿದ್ಯುತ್ ಸ್ಥಾವರದಂಥ ಕಡೆಗಳಲ್ಲಿ, ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಲ್ಲಿದ್ದಲು ಬೇಕೆಂಬುದು ಕಲ್ಲಿದ್ದಲಿನ ಈ ಗುಣವನ್ನೇ ಅವಲಂಬಿಸಿರುತ್ತದೆ.

ಸೌದೆಯ ವಿಷಯದಲ್ಲಿ ಬೂದಿಗಿಂತ ದೊಡ್ಡ ಶತ್ರು ನೀರು. ಆಗತಾನೆ ಕಡಿದ ಹಸಿ ಸೌದೆಯಲ್ಲಿ ಅರ್ಧದಷ್ಟು ತೂಕ ನೀರಿನದೇ ಇರಬಹುದು. ಅಂಥ ಒಂದು ಕಿಲೋಗ್ರಾಂ ಸೌದೆಯಲ್ಲಿ ನಿಜವಾದ ಸೌದೆ ಅರ್ಧ ಕಿಲೋಗ್ರಾಂ ಮಾತ್ರ. ಅದರಿಂದ ಬರುವುದು ಸುಮಾರು 2,000 ಕಿಲೋಕ್ಯಾಲರಿ. ಉಳಿದರ್ಧ ಕಿಲೋಗ್ರಾಂ ನೀರನ್ನು ಕಾಯಿಸಿ ಆವಿಮಾಡುವುದಕ್ಕೆ ಅದರಲ್ಲಿ ಸುಮಾರು 300 ಕಿಲೋಕ್ಯಾಲರಿ ವ್ಯರ್ಥವಾಗುತ್ತದೆ. ತೂಕದ ಲೆಕ್ಕದಲ್ಲಿ ಹಸಿ ಸೌದೆಯನ್ನು ಕೊಂಡವರು ಅರ್ಧ ಹಣವನ್ನು ನೀರಿಗೆ ಕೊಟ್ಟಂತಾಯಿತು. ಮೇಲೆ ಆ ನೀರನ್ನು ಓಡಿಸಲು ತಮ್ಮ ಸೌದೆಯನ್ನೇ ಸುಡಬೇಕಾಯಿತು. ಮಳೆಗಾಲಕ್ಕೆ ಮುಂಚೆಯೇ ಸೌದೆಯನ್ನು ಸೀಳಿ ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟಿಡುವ ಮಲೆನಾಡಿನ ಗೃಹಸ್ಥರು ಕ್ಯಾಲರಿಯ ಹೆಸರನ್ನು ಕೇಳದಿದ್ದರೂ ಈ ಸತ್ಯವನ್ನು ಅನುಭವದಿಂದ ಅರಿತಿದ್ದರು.

ಒಣಗಿದ ಸೌದೆಯ ಶಾಖವಾದರೂ ಪೂರ್ತಿಯಾಗಿ ಅಡಿಗೆಗೆ ಒದಗುವುದೇ? ಇದನ್ನು ತಿಳಿಯುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಐದು ಲೀಟರು ನೀರನ್ನಿಟ್ಟು, ತೂಗಿದ ಸೌದೆಯನ್ನು ಉರಿಸಿ ನೋಡಿದರಾಯಿತು. ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಏರಲು ಬೇಕಾದ ಶಾಖ 375 ಕಿಲೋಕ್ಯಾಲರಿ. ಅಷ್ಟರಲ್ಲಿ ಒಂದು ಕಿಲೋಗ್ರಾಂ ಸೌದೆ ಉರಿದುಹೋಗಿದ್ದರೆ, 4,000 ಕಿಲೋಕ್ಯಾಲರಿಗಳಲ್ಲಿ ನೀರಿಗೆ ಸೇರಿದ್ದು ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಯಿತು. ತೆರೆದ ಒಲೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ. ಉಳಿದ ಒಂಬತ್ತು ಪಾಲು ಗಾಳಿಗೆ, ನೆಲಕ್ಕೆ, ಹೊಗೆಗೆ. ಹೊಗೆಯೆಂದರೆ ಪೂರ್ತಿಯಾಗಿ ಉರಿಯದೆ ಹೋದ ಇಂಧನ. ಅದು ಸೌದೆಯನ್ನು ಕಳೆಯುವುದಲ್ಲದೆ ಒಲೆಯ ಮುಂದೆ ಕುಳಿತವರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಒಬ್ಬ ತಾಯಿ ಹತ್ತು ಹೊರೆ ಸೌದೆಯನ್ನು ತಲೆಯ ಮೇಲೆ ಹೊತ್ತು ತಂದರೆ, ಅವುಗಳಲ್ಲಿ ಒಂಬತ್ತು ಹೊರೆ ಅನ್ನವನ್ನು ಬೇಯಿಸುವುದಿಲ್ಲ. ಅಂಕಿಗಳ ಹಿಂದೆ ಅಡಗಿರುವ ಈ ದುಡಿಮೆಯನ್ನು ಯಾವ ಕ್ಯಾಲರಿಮಾಪಕವೂ ತೋರಿಸದು.

ಈ ನಷ್ಟವನ್ನು ತಗ್ಗಿಸುವ ಪ್ರಯತ್ನಗಳಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗಳ ಬಾಳಿಗೆ ಒದಗಿಸುವುದು ಅದರ ಗುರಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದ ಸುತ್ತಮುತ್ತ ಅವರು ನಡೆಸಿದ ಸಮೀಕ್ಷೆಯಿಂದ, ಹಳ್ಳಿಯ ಶಕ್ತಿಯ ಅಗತ್ಯದಲ್ಲಿ ಬಹುಪಾಲನ್ನು ಪೂರೈಸುವುದು ಸೌದೆಯೇ ಎಂಬುದು ವಿದಿತವಾಯಿತು. ಅಲ್ಲಿಂದ ಅವರ ಗಮನ ಒಲೆಯ ಕಡೆಗೆ ಹರಿಯಿತು. 1980ರ ದಶಕದ ಆರಂಭದಲ್ಲಿ ರೂಪುಗೊಂಡ 'ಅಸ್ತ್ರ ಒಲೆ'ಯಲ್ಲಿ ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿಯುತ್ತದೆ. ಸೌದೆಯ ಅಡಿಯಲ್ಲಿ ಗಾಳಿಯಾಡಲು ಸರಳುಗಳ ಜಾಲರಿಯಿದೆ. ಬಿಸಿ ಅನಿಲಗಳು ಒಂದಾದ ಮೇಲೊಂದು ಪಾತ್ರೆಯ ತಳವನ್ನು ತಾಗಿ, ಶಾಖವನ್ನು ಕೊಟ್ಟು, ಕೊನೆಗೆ ಹೊಗೆಗೊಳವೆಯಿಂದ ಮನೆಯ ಹೊರಗೆ ಹೋಗುತ್ತವೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ ನಲವತ್ತು ಪಾಲಿನಷ್ಟು ಪಾತ್ರೆಗೆ ತಲುಪಿತು. ಹೊಸ ಇಂಧನವನ್ನು ಸೃಷ್ಟಿಸದೆ, ಸೋರಿಕೆಯ ಕಿಂಡಿಗಳನ್ನು ಒಂದೊಂದಾಗಿ ಅಳೆದು ಮುಚ್ಚಿದ್ದರ ಫಲ ಇದು.

ಇಂದು ಅನೇಕ ಮನೆಗಳಿಗೆ ಅಡಿಗೆ ಅನಿಲ ಬಂದಿದೆ. ಅನಿಲದ ಒಲೆಯಲ್ಲಿ ಶಾಖದ ಮೂರರಲ್ಲಿ ಎರಡು ಪಾಲು ಪಾತ್ರೆಗೆ ಸೇರುತ್ತದೆ. ಹಾಗೆಂದು ಲೆಕ್ಕ ಹಾಕಿದರೆ 14.2 ಕಿಲೋಗ್ರಾಮಿನ ಒಂದು ಸಿಲಿಂಡರು ಮೂರು ಕಲ್ಲಿನ ಒಲೆಯಲ್ಲಿ ಉರಿಯುವ ಸುಮಾರು ಎರಡೂವರೆ ಕ್ವಿಂಟಲ್ ಸೌದೆಯ ಕೆಲಸವನ್ನು ಮಾಡುತ್ತದೆ. ಅದೇ ಸೌದೆಯನ್ನು ಒಳ್ಳೆಯ ಒಲೆಯಲ್ಲಿ ಉರಿಸಿದರೆ ಎಪ್ಪತ್ತು ಕಿಲೋಗ್ರಾಮಿನೊಳಗೆ ಅಷ್ಟೇ ಕೆಲಸ ಆಗಬಹುದು. ಇಂಧನ ಯಾವುದೇ ಇರಲಿ, ಅದು ಭೂಮಿಯ ಒಡಲಿನಿಂದಲೋ ಕಾಡಿನಿಂದಲೋ ಬಂದದ್ದು; ಮಿತವಿಲ್ಲದೆ ದೊರೆಯುವಂಥದಲ್ಲ. ಈಗಲೂ ಅನೇಕ ಹಳ್ಳಿಗಳಲ್ಲಿ ಸೌದೆಯ ಒಲೆ ಉರಿಯುತ್ತಿದೆ.

ಶಾಖವನ್ನು ಅಳೆಯಹೊರಟವರು ಮೊದಲು ಮಾಡಿದ ಕೆಲಸವೆಂದರೆ ಅದು ಎಲ್ಲೆಲ್ಲಿ ಸೋರುತ್ತದೆ ಎಂದು ಹುಡುಕಿದ್ದು. ಲವಾಸಿಯೆ ಕಾವಲಿನ ಮಂಜುಗಡ್ಡೆಯನ್ನು ಇಟ್ಟನು. ರಮ್‌ಫರ್ಡ್ ಬಂದುದಕ್ಕೂ ಹೋದುದಕ್ಕೂ ವಜಾ ಹಾಕಿದನು. ಬರ್ಥೆಲೊ ಎಲ್ಲ ಬಾಗಿಲುಗಳನ್ನೂ ಮುಚ್ಚಿದನು. ಅಳತೆಯಲ್ಲಿ ಅವರು ತೋರಿದ ಆ ಪ್ರಾಮಾಣಿಕತೆಯೇ ಮುಂದೆ ಉಳಿತಾಯಕ್ಕೆ ದಾರಿಯಾಯಿತು. ಎಷ್ಟು ಕಳೆಯಿತೆಂದು ಅರಿಯದವನು ಕಳೆಯುವುದನ್ನು ನಿಲ್ಲಿಸಲಾರನು. ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದುವ ಕೈಗಳಿಗೆ ಒಂದು ಹೊರೆ ಸೌದೆಯ ಭಾರ ಇಳಿದರೂ, ಆ ಅಳತೆ ಸಾರ್ಥಕವಾದಂತೆಯೇ.

ಪದಗಳ ಅರ್ಥ

ಅಂಕಣ – ವಿಭಾಗ, ಕೋಣೆ
ಗುಪ್ತೋಷ್ಣ – ತಾಪವನ್ನು ಬದಲಿಸದೆ ವಸ್ತುವಿನ ಸ್ಥಿತಿಯನ್ನು ಬದಲಿಸುವ ಶಾಖ
ದಹನ – ಉರಿಯುವಿಕೆ
ನಿಷ್ಕೃಷ್ಟ – ಖಚಿತವಾದ
ಬೆರಣಿ – ಸಗಣಿಯನ್ನು ತಟ್ಟಿ ಒಣಗಿಸಿದ ಉರುವಲು
ವಜಾ ಮಾಡು – ಲೆಕ್ಕದಲ್ಲಿ ಕಳೆ
ವಿದಿತ – ತಿಳಿದುಬಂದ
ಶಿರಚ್ಛೇದ – ತಲೆಯನ್ನು ಕತ್ತರಿಸುವ ಶಿಕ್ಷೆ
ಸೋಜಿಗ – ಆಶ್ಚರ್ಯ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಥರ್ಮಾಮೀಟರು ಏನನ್ನು ಅಳೆಯುತ್ತದೆ?
2. ಕ್ಯಾಲರಿಮಾಪಕ ಎಂಬ ಹೆಸರನ್ನು ಇಟ್ಟವರು ಯಾರು?
3. ಒಂದು ಕ್ಯಾಲರಿ ಎಂದರೇನು?
4. ಅಸ್ತ್ರ ವಿಭಾಗದ ಗುರಿ ಯಾವುದು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಲವಾಸಿಯೆಯ ಪಾತ್ರೆಯಲ್ಲಿ ಹೊರಗಿನ ಅಂಕಣದ ಉಪಯೋಗವೇನು?
2. ರಮ್‌ಫರ್ಡನು ಕೋಣೆಗಿಂತ ತಣ್ಣಗಿರುವ ನೀರಿನಿಂದ ಪ್ರಯೋಗವನ್ನು ಆರಂಭಿಸಿದ್ದೇಕೆ?
3. ಹಸಿ ಸೌದೆಯನ್ನು ಉರಿಸುವುದರಿಂದ ಆಗುವ ನಷ್ಟಗಳಾವುವು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಾಂಬ್ ಕ್ಯಾಲರಿಮಾಪಕದ ರಚನೆಯನ್ನೂ ಕಾರ್ಯವನ್ನೂ ವಿವರಿಸಿರಿ.
2. 'ಎಷ್ಟು ಕಳೆಯಿತೆಂದು ಅರಿಯದವನು ಕಳೆಯುವುದನ್ನು ನಿಲ್ಲಿಸಲಾರನು.' ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಗುಪ್ತೋಷ್ಣ, ಪ್ರಯೋಗಾಲಯ, ಅತ್ಯಂತ, ಬೆಂಕಿಯನ್ನು

ಉ) ಮಾಡಿ ನೋಡಿರಿ.
ಹಿರಿಯರ ನೆರವಿನಿಂದ ನಿಮ್ಮ ಮನೆಯ ಅಥವಾ ನೆರೆಮನೆಯ ಒಲೆಯಲ್ಲಿ ಐದು ಲೀಟರು ನೀರು ಕುದಿಯುವುದಕ್ಕೆ ಎಷ್ಟು ಸೌದೆ ಬೇಕಾಯಿತೆಂದು ತೂಗಿ, ಒಲೆಗೆ ಹಾಕಿದ ಶಾಖದಲ್ಲಿ ನೀರಿಗೆ ಸೇರಿದ ಪಾಲೆಷ್ಟೆಂದು ಲೆಕ್ಕ ಹಾಕಿರಿ.